ಏಳನೇ ಸಾಲು ಶುರುವಾದ ಮಧ್ಯಾಹ್ನ

ಅಮೆರಿಕದಲ್ಲಿ ಮಂಗಳವಾರ ರಾತ್ರಿ ಮತ ಎಣಿಕೆ ನಡೆಯುವಾಗ ಮಲೇಷ್ಯಾದಲ್ಲಿ ಬುಧವಾರದ ಹಗಲು. ಹಾಗಾಗಿ ಅಲ್ಲಿನ ಅಧ್ಯಕ್ಷರ ಚುನಾವಣೆಯ ಫಲಿತಾಂಶ ನಮ್ಮ ಕಾರ್ಖಾನೆಗೆ ಕೆಲಸದ ಹೊತ್ತಿನಲ್ಲೇ ಬಂತು. ಪುಚೊಂಗ್ ಪಟ್ಟಣ ದಾಟಿ ಅರ್ಧ ಗಂಟೆ ಹೋದರೆ ಸಿಗುವ ಕಾರ್ಖಾನೆ ಅದು. ಡಾಕ್ಟರು, ನರ್ಸುಗಳು ಹಾಕಿಕೊಳ್ಳುವ ರಬ್ಬರ್ ಕೈಗವಸು ತಯಾರಿಸುತ್ತೇವೆ. ಮೈಸೂರಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಮದುವೆಯಾಗಿ ಇಲ್ಲಿಗೆ ಬಂದ ನಾನು ಆಗ ಏಳನೇ ಸಾಲಿನ ಉಸ್ತುವಾರಿ ನೋಡುತ್ತಿದ್ದೆ.

ಸಾಲು ಎಂದರೆ ಒಂದು ಉದ್ದನೆಯ ಯಂತ್ರ. ಕೈಯ ಆಕಾರದ ಪಿಂಗಾಣಿ ಅಚ್ಚುಗಳು ಸರಪಳಿಗೆ ಕಟ್ಟಿಕೊಂಡು ಸಾಗುತ್ತ ರಬ್ಬರ್ ಹಾಲಿನ ತೊಟ್ಟಿಯಲ್ಲಿ ಮುಳುಗುತ್ತವೆ, ಆಮೇಲೆ ಒಲೆಯೊಳಗೆ ಹೋಗಿ ಒಣಗುತ್ತವೆ. ಒಲೆ ಎನ್ನುತ್ತೇವಾದರೂ ಅದು ಒಂದು ಸುರಂಗ. ಬಗ್ಗಿಕೊಂಡರೆ ಮನುಷ್ಯ ಒಳಗೆ ಓಡಾಡಬಹುದು.

ಆರ್ಡರ್ ಇಲ್ಲದೆ ಏಳನೇ ಸಾಲು ನಿಂತು ಎರಡು ತಿಂಗಳಾಗಿತ್ತು. ಯಾರನ್ನು ವಾಪಸ್ ಊರಿಗೆ ಕಳಿಸಬೇಕು ಎನ್ನುವ ಪಟ್ಟಿ ನನ್ನ ಮೇಜಿನ ಖಾನೆಯಲ್ಲಿತ್ತು. ಶುಕ್ರವಾರದೊಳಗೆ ನಾನು ಅದಕ್ಕೆ ಸಹಿ ಹಾಕಬೇಕಿತ್ತು. ಅದರಲ್ಲಿ ಎಲ್ಲರೂ ದಾಯಿ ಎಂದು ಕರೆಯುವ ನೇಪಾಳಿಯೊಬ್ಬರ ಹೆಸರೂ ಇತ್ತು. ದಾಯಿ ಎಂದರೆ ಅವರ ಭಾಷೆಯಲ್ಲಿ ಅಣ್ಣ. ಐವತ್ತರ ಹತ್ತಿರದ ಮನುಷ್ಯ, ಹನ್ನೊಂದು ವರ್ಷದಿಂದ ಒಲೆ ಸ್ವಚ್ಛ ಮಾಡುವ ಕೆಲಸ. ಪಟ್ಟಿಯ ಸುದ್ದಿ ಅವರಿಗೆ ಗೊತ್ತಿತ್ತು, ಒಂದು ದಿನವೂ ಕೇಳಲಿಲ್ಲ. ಗೆಲ್ಲುವವರು ಚೀನಾದ ಗವಸಿನ ಮೇಲೆ ಸುಂಕ ಏರಿಸಿದರೆ ಆರ್ಡರೆಲ್ಲ ಮಲೇಷ್ಯಾಕ್ಕೆ ಬರುತ್ತದೆ ಎಂದು ಯಾರೋ ಹೇಳಿದ್ದರು. ಅಂದಿನಿಂದ ನಮ್ಮ ಪ್ಯಾಕಿಂಗ್ ಕೋಣೆಯಲ್ಲಿ ಅಮೆರಿಕದ ರಾಜ್ಯಗಳ ಹೆಸರು ಬಾಯಿಪಾಠವಾಗಿ ಹೋಗಿತ್ತು.

ಯಂತ್ರದೊಳಗೆ ಇಳಿಯುವವರಿಗೆಲ್ಲ ಒಂದು ನಿಯಮವಿದೆ. ಮುಖ್ಯ ಸ್ವಿಚ್ಚಿಗೆ ಅವರವರ ಕೆಂಪು ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಇಳಿಯಬೇಕು. ಕೊನೆಯ ಬೀಗ ತೆಗೆಯುವ ತನಕ ಸ್ವಿಚ್ ಮೇಲೇಳುವುದಿಲ್ಲ. ಆ ದಿನ ದಾಯಿಯ ಬೀಗ ಇನ್ನೊಂದು ಯಂತ್ರದಲ್ಲಿ ಉಳಿದಿತ್ತು, ಸ್ಟೋರಿನವನು ರಜೆ. ನಾನು ಅದೇ ಸಾಲಿನ ತೊಟ್ಟಿ ನೋಡುತ್ತಿದ್ದೆ. "ನನ್ನ ಬೀಗ ಇದೆಯಲ್ಲ, ನೀವು ಹೋಗಿ" ಎಂದೆ. ಅವರು ಟಾರ್ಚು, ಬ್ರಷ್ಷು ಹಿಡಿದು ಒಳಗೆ ಹೋದರು.

ಮೂರೂವರೆಯ ಹೊತ್ತಿಗೆ ಗೆದ್ದವರು ಯಾರೆಂಬುದು ಸ್ಪಷ್ಟವಾಯಿತು. ಬಾಸ್ ಮೇಲಿನ ಮಹಡಿಯಿಂದ ತಾವೇ ಇಳಿದು ಬಂದರು. ಇಲ್ಲೇ ಹುಟ್ಟಿ ಬೆಳೆದ ಚೀನೀ ಮನೆತನದವರು, ಸಾಮಾನ್ಯವಾಗಿ ಮುಖ ಸಡಿಲಿಸದ ಮನುಷ್ಯ, ಮಾತಿನ ಕೊನೆಗೆ ಇಲ್ಲಿನವರ ಹಾಗೆ 'ಲಾ' ಸೇರಿಸುವವರು.

"ನೋಡಿದ್ರಾ ಲಾ? ಇನ್ನು ಅಮೆರಿಕದವರು ನಮ್ಮ ಬಾಗಿಲಿಗೇ ಬರಬೇಕು. ಏಳನೇ ಲೈನ್ ಇವತ್ತೇ ಬಿಸಿ ಮಾಡಿ. ನಾಳೆ ಬೆಳಿಗ್ಗೆ ಅಲ್ಲಿನ ಬೈಯರ್‌ಗೆ ಓಡ್ತಿರೋ ವೀಡಿಯೊ ಕಳಿಸಬೇಕು. ಎಲ್ಲರೂ ಕ್ಯಾಂಟೀನಿಗೆ ಬನ್ನಿ, ಟೀ ನನ್ನದು."

ನನಗೆ ಮೊದಲು ಹೊಳೆದದ್ದು ಆ ಪಟ್ಟಿ. ಹರಿದು ಹಾಕಬಹುದು ಅನ್ನಿಸಿತು. ದಾಯಿಗೆ ನಾನೇ ಹೇಳಬೇಕು ಅಂದುಕೊಂಡೆ. ಅಂದುಕೊಂಡೂ, ಅವರು ಆ ಕ್ಷಣ ಎಲ್ಲಿದ್ದಾರೆಂದು ಯೋಚಿಸಲಿಲ್ಲ. ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ನನಗೆ ಅರ್ಥವಾಗಿಲ್ಲ.

ಸ್ವಿಚ್ಚಿನ ಹತ್ತಿರ ನಮ್ಮ ಮೆಂಟೆನೆನ್ಸ್ ಮುಖ್ಯಸ್ಥರು ನಿಂತಿದ್ದರು. ಉಡುಪಿ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ತಮ್ಮ ಬೀಗ ತೆಗೆದಾಗಿತ್ತು. ನಾನು ನನ್ನದನ್ನು ತೆಗೆದೆ.

"ಒಳಗೆ ಯಾರೂ ಇಲ್ಲ ಅಲ್ವಾ?" ಎಂದು ಕೇಳಿದರು.

"ಯಾರೂ ಇಲ್ಲ ಸರ್."

"ಹಾಗಾದ್ರೆ ನೀವು ಹೋಗಿ ಮಾರಾಯ್ರೆ, ಟೀ ಕುಡೀರಿ. ನಂದೊಂದು ಲೋಟ ತೆಗ್ದಿಡಿ. ಇವ್ರದ್ದು ಟೀ ಸಿಗೂದು ಚುನಾವಣೆಗೊಮ್ಮೆ."

ನಾನು ನಗುತ್ತ ಹೋದೆ.

ಕ್ಯಾಂಟೀನಿನ ಟಿವಿಯಲ್ಲಿ ಅಮೆರಿಕದ ಜನ ಟೋಪಿ ಎಸೆದು ಕುಣಿಯುತ್ತಿದ್ದರು, ಇನ್ನೊಂದು ಕಡೆ ಕೆಲವರು ಅಳುತ್ತಿದ್ದರು. ನಮ್ಮವರು ಎರಡನ್ನೂ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಐಸ್ ಹಾಕಿದ ಟೀ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಸ್ಟ್ರಾ ಸಿಕ್ಕಿಸಿ ಬಾಯಿ ಕಟ್ಟಿದ್ದು, ಎಲ್ಲರ ಬೆರಳಲ್ಲೂ ತೂಗುತ್ತಿತ್ತು. ದಾಯಿಯ ಜೊತೆ ಒಂದೇ ಕೋಣೆಯಲ್ಲಿರುವ ಪ್ಯಾಕಿಂಗ್‌ನವರೊಬ್ಬರು ಎರಡು ಚೀಲ ಹಿಡಿದಿದ್ದರು.

"ಬಾಸ್ ಕೊಟ್ಟರು ಅಂತ ಎರಡೆರಡು ಕುಡಿದರೆ ಹೊಟ್ಟೆ ಕೆಡುತ್ತೆ" ಎಂದು ಹಿಂದಿಯಲ್ಲಿ ಕೀಟಲೆ ಮಾಡಿದೆ.

"ಒಂದು ದಾಯಿದು ಮೇಡಂ. ಅವರಿನ್ನೂ ಒಲೆಯಿಂದ ಬಂದಿಲ್ಲ."

ಅಷ್ಟರಲ್ಲೇ ಸಾಲು ಶುರುವಾಗುವ ಮುಂಚಿನ ಎಚ್ಚರಿಕೆಯ ಹಾರ್ನ್ ಕೇಳಿಸಿತು.

ಕ್ಯಾಂಟೀನಿನಿಂದ ಏಳನೇ ಸಾಲಿಗೆ ಎಷ್ಟು ದೂರ ಎಂದು ಆಮೇಲೆ ಒಂದು ದಿನ ಹೆಜ್ಜೆ ಎಣಿಸಿದ್ದೇನೆ. ನೂರಾ ನಲವತ್ತು. ಆ ದಿನ ಅದು ಮುಗಿಯಲೇ ಇಲ್ಲ. ಸುರಕ್ಷತೆಯ ಬೂಟು ಕಲ್ಲು ಕಟ್ಟಿಕೊಂಡ ಹಾಗಿತ್ತು. ಹಾರ್ನ್ ಮೂರು ಸಲ ಕೂಗಿ ನಿಂತಿತು. ಸರಪಳಿ ಒಮ್ಮೆ ಜಗ್ಗಿ ಕಿರಗುಟ್ಟಿತು, ಅಚ್ಚುಗಳು ತಲೆ ಅಲ್ಲಾಡಿಸಿದವು, ಎಲ್ಲ ಕೈಗಳೂ ಒಟ್ಟಿಗೆ ಒಲೆಯ ಕಡೆಗೆ ಹೊರಟವು. ನಾನು ಕೂಗುತ್ತಿದ್ದೆ. ಪಕ್ಕದ ಎಂಟನೇ ಸಾಲಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಸಾಲಿನ ಉದ್ದಕ್ಕೂ ಒಂದು ಕೆಂಪು ಹಗ್ಗವಿದೆ. ಎಳೆದರೆ ಎಲ್ಲಿದ್ದರೂ ಸರಪಳಿ ನಿಲ್ಲುತ್ತದೆ. ಎರಡು ಕೈಯಲ್ಲಿ ಹಿಡಿದು ಜೋತುಬಿದ್ದೆ. ನಿಂತಿತು. ಆದರೆ ಒಲೆಯ ಫ್ಯಾನು ತಿರುಗುತ್ತಲೇ ಇತ್ತು. ಒಳಗೆ ಉಳಿದ ಗ್ಯಾಸನ್ನು ಹೊರದೂಡಲು ಮೊದಲು ಫ್ಯಾನು ಬೀಸುತ್ತದೆ, ಆಮೇಲೆ ಬೆಂಕಿ ತಾನಾಗಿ ಹತ್ತಿಕೊಳ್ಳುತ್ತದೆ. ಹಗ್ಗ ಎಳೆದರೆ ಬೆಂಕಿಯೂ ನಿಲ್ಲುತ್ತದೆಯೇ? ಹೊಸ ಸಾಲುಗಳಲ್ಲಿ ನಿಲ್ಲುತ್ತದೆ. ಏಳನೆಯದು ಹಳೆಯದು. ಅದು ನನ್ನ ಸಾಲು. ನನಗೆ ನೆನಪಾಗಲಿಲ್ಲ.

"ಸರ್, ಬೆಂಕಿ ಹಚ್ಬೇಡಿ, ಒಳಗೆ ಜನ ಇದಾರೆ" ಎಂದು ಕನ್ನಡದಲ್ಲಿ ಕಿರುಚಿಕೊಂಡೆ. ಮುಖ್ಯಸ್ಥರು ಪ್ಯಾನೆಲ್ ಹಿಂದಿನಿಂದ ತಲೆ ಹೊರಗೆ ಹಾಕಿ ನನ್ನ ಮುಖ ನೋಡಿದರು, ಏನೂ ಕೇಳದೆ ಗ್ಯಾಸಿನ ಚಕ್ರ ತಿರುಗಿಸಿದರು, ಸ್ವಿಚ್ ಕೆಳಗೆಳೆದರು. ಫ್ಯಾನು ನಿಧಾನವಾಗಿ ನಿಂತಿತು.

ಒಲೆಯ ಬಾಯಿಯಲ್ಲಿ ನಿಂತು ಕರೆದೆ. "ದಾಯಿ." ಉತ್ತರ ಬರಲಿಲ್ಲ. ಒಳಗೆ ಬೆಳಕಿರಲಿಲ್ಲ. ಟಾರ್ಚಾದರೂ ಕಾಣಬೇಕಿತ್ತು. ಮತ್ತೆ ಕರೆದೆ. ಅವರ ಹೆಂಡತಿಗೆ ಯಾವ ಭಾಷೆಯಲ್ಲಿ ಹೇಳುವುದು ಎಂಬ ಯೋಚನೆ ಬಂತು, ನಿಜವಾಗಿಯೂ ಬಂತು, ಇನ್ನೂ ಒಳಗೆ ಹೋಗಿ ನೋಡುವುದಕ್ಕೆ ಮೊದಲೇ.

ನಮ್ಮ ಮುಖ್ಯಸ್ಥರು ನನ್ನನ್ನು ಸರಿಸಿ ಬಗ್ಗಿ ಒಳಗೆ ಹೋದರು. ನಾನು ಹಿಂದೆ ಹೋದೆ. ಹತ್ತು ಹೆಜ್ಜೆ ಒಳಗೆ ದಾಯಿ ಒಂದು ಮಗ್ಗುಲಿಗೆ ಬಿದ್ದಿದ್ದರು. ಅಂಗಿಯ ಹೆಗಲು ಸರಪಳಿಗೂ ಕಂಬಿಗೂ ನಡುವೆ ಸಿಕ್ಕಿತ್ತು. ಕಣ್ಣು ತೆರೆದೇ ಇತ್ತು.

"ಟಾರ್ಚ್ ಬಿದ್ದು ಹೋಯ್ತು ಮೇಡಂ" ಎಂದರು.

ಅಂಗಿ ಕತ್ತರಿಸಿ ಹೊರಗೆ ತಂದೆವು. ಹೆಗಲಿನ ಚರ್ಮ ಅಂಗೈಯಗಲ ಕಿತ್ತು ಹೋಗಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಕ್ಲಿನಿಕ್ಕಿಗೆ ಕಳಿಸಿದ ಮೇಲೆ ಮುಖ್ಯಸ್ಥರು ಪ್ಯಾನೆಲ್‌ನ ಗಡಿಯಾರ ತೋರಿಸಿದರು. "ಬೆಂಕಿಗೆ ಇನ್ನೊಂದು ನಿಮಿಷವೂ ಇರ್ಲಿಲ್ಲ ಮಾರಾಯ್ರೆ." ಆಮೇಲೆ ಒಂದು ಡ್ರಮ್ಮಿನ ಮೇಲೆ ಕುಳಿತರು.

ಸಂಜೆ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕುಳಿತೇ ಇದ್ದೆ. ಫೋನಿನಲ್ಲಿ ನಮ್ಮ ಕನ್ನಡದವರ ಗ್ರೂಪು ಹೊತ್ತಿ ಉರಿಯುತ್ತಿತ್ತು, ಯಾರು ಗೆದ್ದದ್ದು ಒಳ್ಳೆಯದು, ಯಾರು ಸೋತದ್ದು ಒಳ್ಳೆಯದು ಎಂದು. ಸುಬಾಂಗ್ ಜಯಾದ ಮನೆಯಿಂದ ಗಂಡ ಫೋನ್ ಮಾಡಿದರು. "ರಿಸಲ್ಟ್ ನೋಡಿದ್ಯಾ?" ಎಂದರು. ನನಗೆ ಅಳು ಬಂತು. ಅವರು ರಾಜಕೀಯಕ್ಕೆ ಎಂದುಕೊಂಡು, "ಅಯ್ಯೋ, ಅವರ ದೇಶ ಕಣೆ, ನಿಂಗ್ಯಾಕೆ" ಎಂದು ಸಮಾಧಾನ ಮಾಡಿದರು.

ಮರುದಿನ ಅಪಘಾತದ ವರದಿ ಬರೆಯಬೇಕಿತ್ತು. ಕಾರಣ ಎನ್ನುವ ಜಾಗ ಖಾಲಿಯಿತ್ತು. ಮುಖ್ಯಸ್ಥರು ಮೆಲ್ಲಗೆ ಹೇಳಿದರು, "ಅವನೇ ಬೀಗ ಹಾಕ್ಲಿಲ್ಲ ಅಂತ ಬರೀರಿ. ಸುಳ್ಳಲ್ಲವಲ್ಲ. ನಿಮ್ದು ನೌಕರಿ ಉಳೀತದೆ."

"ಅವರದು ಹೋಗುತ್ತಲ್ಲ ಸರ್."

ಅವರು ಪೆನ್ನನ್ನು ನನ್ನ ಕಡೆ ಸರಿಸಿ ಎದ್ದು ಹೋದರು.

ದಾಯಿ ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಹೇಳಿಕೆ ಕೊಡಲು ಬಂದರು. ನಾನು ಬರೆದದ್ದನ್ನು ಓದಿ ಹೇಳಿದೆ. ನನ್ನ ಬೀಗದ ಭರವಸೆಯ ಮೇಲೆ ಒಳಗೆ ಹೋಗಲು ನಾನೇ ಹೇಳಿದೆ, ಒಳಗೆ ನೋಡದೆ ಬೀಗ ತೆಗೆದೆ, ಕೇಳಿದಾಗ ಯಾರೂ ಇಲ್ಲ ಎಂದೆ. ಅವರು ಕುರ್ಚಿಯ ತುದಿಯಲ್ಲಿ ಕುಳಿತು ಕೇಳಿದರು.

"ನನ್ನ ತಪ್ಪು ಅಂತಾನೇ ಬರೆದುಬಿಡಿ ಮೇಡಂ. ನೀವು ಹೋದ್ರೆ ಹೊಸ ಮೇಡಂ ಬರ್ತಾರೆ. ನನ್ನ ವಯಸ್ಸು ನೋಡಿ ಅವರು ಇಟ್ಕೊಳ್ತಾರಾ? ಒಲೆ ಒಳಗೆ ನಂಗೆ ಹೆದರಿಕೆ ಆಗಲಿಲ್ಲ. ಏನಾಗ್ತಿದೆ ಅಂತಾನೇ ಗೊತ್ತಾಗಲಿಲ್ಲ. ಈಗ ಈ ಕಾಗದ ನೋಡಿ ಆಗ್ತಿದೆ."

ಅವರ ತಪ್ಪೆಂದು ಬರೆದರೆ ಅವರ ಕೆಲಸದ ಪರವಾನಗಿ ರದ್ದಾಗುತ್ತದೆ ಎಂದು ಎರಡು ಸಲ ಬಿಡಿಸಿ ಹೇಳಿದೆ. ಆಮೇಲೆ ಸಹಿ ಮಾಡಿದರು. ಅದರ ಕೆಳಗೆ ನಾನೂ ಸಹಿ ಹಾಕಿದೆ. ಕಾಗದ ಮೇಲಿನ ಮಹಡಿಗೆ ಹೋಯಿತು.

ವಾರದ ಮೇಲೆ ನನಗೆ ಎಚ್ಚರಿಕೆಯ ಪತ್ರ ಬಂತು. ದಾಯಿ ಉಳಿದರು. ಆರ್ಡರ್ ಬಂದಿತ್ತು, ಒಲೆ ಬಲ್ಲವರು ಬೇಕಿತ್ತು, ಅದಕ್ಕೇ ಉಳಿದರು. ಕೆಲವು ತಿಂಗಳಲ್ಲಿ ಮಲೇಷ್ಯಾದ ಮೇಲೂ ಸುಂಕ ಬಿದ್ದು ಮತ್ತೆ ಎಲ್ಲರೂ ಸುದ್ದಿ ನೋಡುವ ಹಾಗಾಯಿತು. ಅಷ್ಟರಲ್ಲಿ ನಾನು ಕೇಳಿಕೊಂಡು ಲ್ಯಾಬಿಗೆ ಬಂದಿದ್ದೆ. ಇಲ್ಲಿ ಗವಸಿಗೆ ನೀರು ತುಂಬಿ ತೂಗುಹಾಕಿ, ಹನಿ ಜಿನುಗುತ್ತದೆಯೇ ಎಂದು ಎರಡು ನಿಮಿಷ ನೋಡುತ್ತೇವೆ. ಆ ಎರಡು ನಿಮಿಷ ಯಾರು ಏನು ಕೇಳಿದರೂ, ನೋಡಿ ಮುಗಿಸದೆ ನಾನು ಉತ್ತರ ಕೊಡುವುದಿಲ್ಲ.