ಸೈಕಲಿನಿಂದ ಬಿದ್ದ ಕೈ

ಲಕೋಟೆಯನ್ನು ಮಾಡಿನ ಹಂಚಿನ ಸಂದಿಯಲ್ಲಿ ಜೋಪಾನವಾಗಿ ಸಿಕ್ಕಿಸಲು ಹೋದಾಗ ದೋಣಿಯ ಹಳೆಯ ಹುಟ್ಟು ಕೈಗೆ ತಾಗಿತು. ಮೀನೆಣ್ಣೆಯ ವಾಸನೆ ಗಪ್ಪೆಂದು ಬಂತು. ಕಡಲ ಮೀನಿನ ಸಂಶೋಧನೆಗೆ ದೊಡ್ಡ ಪ್ರಶಸ್ತಿ ಬಂತೆಂದು ಮೊಮ್ಮಗಳು ಬರೆದ ಕಾಗದ ಅದು! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಕ್ಷರ ಕೂಡಿಸಿ ಓದಿ, ಖುಷಿಯಿಂದ ಅತ್ತು, ಕಾಪುವಿನ ಕಡಲ ತೀರದಲ್ಲಿ ಸಿಕ್ಕಿದವರಿಗೆಲ್ಲ ಓದಿ ಹೇಳಿದ್ದೆ. ಒಂದು ಸಾಲು ಮಾತ್ರ ಬಿಟ್ಟು... ಅದೇ ಹುಟ್ಟಿನಲ್ಲಿ ನಾನು ಅವಳ ಮೇಷ್ಟ್ರ ಕೈ ಮುರಿದಿದ್ದೆ.

ಇಸವಿ ಎಪ್ಪತ್ತೆರಡೋ ಮೂರೋ ಇರಬೇಕು. ಮಳೆಗಾಲ ಕಳೆದು ದೋಣಿ ಇಳಿಸಿದ ದಿನ ಬಲೆಗೆ ಬಿದ್ದ ಮೊದಲ ಅಂಜಲ್ ಮೀನಿಗೆ ನಮ್ಮಲ್ಲಿ ಮನೆಯ ಹಿರಿಯನೇ ಕತ್ತಿ ತಾಗಿಸಬೇಕು, ಇಲ್ಲವಾದರೆ ಕಡಲು ಮುನಿಯುತ್ತದೆಂದು ನಂಬಿದ್ದೆವು. ಮೀನು ಏನು ತಿನ್ನುತ್ತದೆಂದು ನೋಡಬೇಕು ಎಂದಿದ್ದರಂತೆ ಮೇಷ್ಟ್ರು. ಮೊಮ್ಮಗಳು ಆ ಮೊದಲ ಮೀನನ್ನೇ ಹೊತ್ತುಕೊಂಡು ಹೋಗಿ, ಶಾಲೆ ಬಿಟ್ಟ ಮೇಲೆ ಅವರೆದುರು ಶಾಲೆಯ ಜಗಲಿಯಲ್ಲಿ ಹೊಟ್ಟೆ ಸೀಳಿದ್ದಳು. ಹಿಂದಿನ ವರ್ಷವಷ್ಟೇ ಕಡಲು ಅವಳ ಅಪ್ಪನನ್ನು, ನನ್ನ ಒಬ್ಬನೇ ಮಗನನ್ನು, ನುಂಗಿತ್ತು.

ಹುಟ್ಟು ಹಿಡಿದು ಓಡಿದೆ. "ಶಾಲೆಯಂತೆ ಶಾಲೆ! ಇವತ್ತಿಗೆ ಮುಗೀತು!" ಎಂದು ಅವಳ ಜಡೆ ಹಿಡಿದೆಳೆದೆ. ಪುಸ್ತಕ ಹರಿದೆ. ಹುಟ್ಟು ಬೀಸಿದಾಗ ಮೇಷ್ಟ್ರು ಅಡ್ಡ ಬಂದರು. ಲಟಕ್ಕೆಂದಿತು. ಎಲುಬು ಚರ್ಮ ಸೀಳಿ ಹೊರಗೆ ಬಂತು. ಆದರೂ ಸಿಟ್ಟು ಇಳಿಯದೆ ಹೆಗಲಿಗೆ ಇನ್ನೊಂದು ಹಾಕಿದೆ. ಜಗಲಿಯಲ್ಲಿ ಮೀನಿನ ರಕ್ತ ಯಾವುದು, ಅವರದು ಯಾವುದು...

"ಎಡಗೈ ಅಲ್ವಾ ಮಾರಾಯ್ರೆ, ಬರೆಯಲಿಕ್ಕೆ ಬಲಗೈ ಉಂಟು," ಎಂದರು ಹಲ್ಲು ಕಚ್ಚಿ. "ನಾಳೆ ಮಗುವನ್ನು ಕಳಿಸಿ. ಕಳಿಸದಿದ್ರೆ ಮಾತ್ರ ಪೊಲೀಸರಿಗೆ ಹೇಳ್ತೇನೆ."

ಕಳಿಸಿದೆ. ಸೈಕಲಿನಿಂದ ಬಿದ್ದೆ ಎಂದು ಮೇಷ್ಟ್ರು ಊರಿಗೆಲ್ಲ ಹೇಳಿಕೊಂಡರು. ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಎದುರಿಗೆ ಕಂಡರೆ ನಾನೇ ದಾರಿ ಬದಲಿಸುತ್ತಿದ್ದೆ.

'ಮೇಷ್ಟ್ರಿಗೂ ಓದಿ ಹೇಳಿ ಅಜ್ಜ' ಎಂದು ಕಾಗದದಲ್ಲಿತ್ತು. ಹುಟ್ಟು ಕೈಗೆ ತಾಗಿದ ಮರುದಿನವೇ ಬಸ್ಸು ಹತ್ತಿ, ಅವರು ನಿವೃತ್ತರಾಗಿ ನೆಲೆಸಿದ್ದ ಕಾರ್ಕಳಕ್ಕೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ.

"ಅವರು ಹೋಗಿ ವರ್ಷ ಆಯ್ತಲ್ಲ... ನನಗೇ ಓದಿ ಹೇಳಿ."

ಓದಿದೆ. 'ಪದಕ ಕೊರಳಿಗೆ ಹಾಕುವಾಗ ನನಗಾಗಿ ಮುರಿದ ಆ ಕೈ ನೆನಪಾಯಿತು' ಎಂಬ, ಊರಿನವರಿಗೆ ಓದದೆ ಬಿಟ್ಟಿದ್ದ ಸಾಲನ್ನೂ ಓದಿದೆ.

"ಎಂತ ಅದು? ಸೈಕಲಿಂದ ಬಿದ್ದದ್ದಲ್ವಾ?"

ಹೆಂಡತಿಗೂ ಹೇಳಿರಲಿಲ್ಲ ಪುಣ್ಯಾತ್ಮರು.

"ಬಿದ್ದದ್ದಲ್ಲ ಅಮ್ಮ. ನಾನು ಹೊಡೆದದ್ದು."

ಅವರು ನನ್ನ ಕೈಗಳನ್ನೇ ನೋಡಿದರು. "ಕಡೆಯವರೆಗೂ ಅವರ ಅಂಗಿಯ ಗುಂಡಿ ನಾನೇ ಹಾಕ್ತಿದ್ದೆ," ಎಂದರು. ಮತ್ತೆ, "ಮುಂದೆ ಓದಿ."

ಕಾಗದ ಅವರಲ್ಲೇ ಬಿಟ್ಟು ಬಂದೆ. ಅದನ್ನು ಕೇಳಬೇಕಾದ ಮೇಷ್ಟ್ರು ಇಲ್ಲ. ನೆರೆಯವರು ಈಗಲೂ ಕೇಳುತ್ತಾರೆ, ಬಾಯಲ್ಲೇ ಹೇಳುತ್ತೇನೆ, ಖುಷಿಯಿಂದಲೇ. ಆ ಸಾಲನ್ನೂ ಬಿಡದೆ.