ಎರಡು ರಬ್ಬರ್ ರಿಂಗು

ಇವತ್ತು ಶಹಾಬಾದಿನ ನಮ್ಮ ಅಂಗಳದಲ್ಲಿ ಕಾರಿನ ಆಯಿಲ್ ಫಿಲ್ಟರ್ ನಾನೇ ಬದಲಿಸಿದೆ. ಕಾದ ಎಣ್ಣೆಯ ವಾಸನೆ ಮೂಗಿಗೆ ಹತ್ತಿದ್ದೇ ತಡ, ಮಸ್ತಾನ ಚಾಚಾ ನೆನಪಾದರು. ನಿಮ್ಮ ಮೂಗಿನಲ್ಲೂ ಹೀಗೆ ಯಾರಾದರೂ ಮನೆ ಮಾಡಿಕೊಂಡಿರಬಹುದು.

ಚಾಚಾ ನಮ್ಮ ಡ್ರೈವರ್. ನಾನು ಹುಟ್ಟುವ ಮೊದಲಿನಿಂದ ಆ ಸ್ಟೇರಿಂಗ್ ಅವರದೇ. ಫಿಲ್ಟರ್ ಬದಲಿಸಿದ ದಿನ ಇಂಜಿನ್ನಿನ ಕೆಳಗೆ ತೊಳೆದ ಪಾಲಿಶ್ ಕಲ್ಲಿನ ಚಪ್ಪಡಿ ಸರಿಸಿ, ಗಾಡಿ ಚಾಲೂ ಇಟ್ಟು, ಒಂದು ಕಪ್ ಚಹಾ ಮುಗಿಯುವ ತನಕ ಕಾಯುತ್ತಿದ್ದರು. ಕಲ್ಲಿನ ಮೇಲೆ ಒಂದು ಹನಿ ಕಂಡರೂ ಮತ್ತೆ ಎಲ್ಲ ಬಿಚ್ಚುವುದು. ಕಲ್ಲಿಗೆ ನಮ್ಮೂರಲ್ಲಿ ಬರವೇ? ಬರ ಇದ್ದದ್ದು ನನ್ನ ತಾಳ್ಮೆಗೆ.

ಆಗ ನಾನು ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಜಗತ್ತಿಗೆ ನನ್ನಂಥ ಮೆಕ್ಯಾನಿಕ್ಕೇ ಬೇಕೆಂದು ತೀರ್ಮಾನಿಸಿದ್ದೆ. ಒಂದು ಶುಕ್ರವಾರ ಚಾಚಾ ಹಳೆ ಎಣ್ಣೆ ಬಸಿದಿಟ್ಟು ನಮಾಜಿಗೆ ಹೊರಟರು.

"ಬೇಟಾ, ನಾ ಬರೋತನಕ ಏನೂ ಮುಟ್ಟಬ್ಯಾಡ."

"ಚಾಚಾ, ನೀವು ಬರೋದ್ರಾಗ ಒಂದು ಇಂಜಿನ್ ಎರಡು ಮಾಡಿಟ್ಟಿರ್ತೀನಿ!"

"ಮಾಡ್ತಿ ಮಾಡ್ತಿ. ಎರಡರಾಗ ಒಂದೂ ಓಡಂಗಿಲ್ಲ," ಎಂದು ನಗುತ್ತ ಹೋದರು.

ಫಿಲ್ಟರ್ ಕೂಡುವ ಬಟ್ಟಲಿನ ಬಾಯಿಗೆ ಒಂದು ರಬ್ಬರ್ ರಿಂಗು. ಹಳೆಯದನ್ನು ಕಿತ್ತು ಹೊಸದನ್ನು ಹಾಕಬೇಕು; ಒಂದರ ಮೇಲೊಂದು ಕೂತರೆ ಎಣ್ಣೆ ಸೋರುತ್ತದೆ. ಹಳೆಯದು ಎಣ್ಣೆ ಕುಡಿದು ಕಬ್ಬಿಣದ ಬಣ್ಣಕ್ಕೇ ತಿರುಗಿತ್ತು. ಮಹಾಪಂಡಿತನಾದ ನಾನು ಅದನ್ನು ಗಮನಿಸದೆ ಅದರ ಮೇಲೆಯೇ ಹೊಸದನ್ನು ಕೂರಿಸಿದೆ, ಹೊಸ ಎಣ್ಣೆ ಸುರಿದೆ, ಚಹಾ ಕುಡಿಯದೆ ಪಕ್ಕದೂರು ವಾಡಿಯ ಗೆಳೆಯರಿಗೆ ಪರಾಕ್ರಮ ತೋರಿಸಲು ಹೊರಟೆ. ದಾರಿಯುದ್ದಕ್ಕೂ ಹಾಡಿದೆ; ನನ್ನ ಹಾಡಿನಲ್ಲಿ ಇಂಜಿನ್ನಿನ ಗೋಳು ಕೇಳಲಿಲ್ಲ. ವಾಡಿ ಮುಟ್ಟುವ ಮೊದಲೇ ಅದು ಕಿರುಚಿ ನಿಂತಿತು. ಹಿಂದೆ ರಸ್ತೆಯ ಮೇಲೆ ಎಣ್ಣೆಯ ಗೆರೆ.

ಲಾರಿಗೆ ಕಟ್ಟಿ ಎಳೆದು ತಂದರು. ಚಾಚಾ ಬಟ್ಟಲು ಬಿಚ್ಚಿ, ಅಂಟಿಕೊಂಡಿದ್ದ ಎರಡು ರಿಂಗುಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಯಾರು ಹಾಕಿದ್ದು?" ಅಪ್ಪ ಕೇಳಿದರು.

"ನಾನೇ ಸಾವಕಾರ್ರೆ. ನಮಾಜಿಗಿ ಹೋಗೋಕಿಂತ ಮೊದಲ ಕೂಡಿಸಿದ್ದೆ. ಹಳೀದು ಕಾಣಲಿಲ್ಲ. ಕಣ್ಣು ಮಂದ ಆಗ್ಯಾವ."

ಸಾವಿನ ಮನೆಯಲ್ಲೂ ಸುಮ್ಮನಿರದ ನನ್ನ ಬಾಯಿ ಆಗ ತೆರೆಯಲೇ ಇಲ್ಲ.

ಅಪ್ಪ ಬೈಯಲಿಲ್ಲ. "ಹಂಗಾದ್ರ ಇನ್ನ ಗಾಡಿ ಹೊಡೀಬ್ಯಾಡ ಮಸ್ತಾನ. ಆರಾಮ ಮನ್ಯಾಗ ಕುಂದ್ರು," ಎಂದರು, ಪ್ರೀತಿಯಿಂದಲೇ. ಚಾಚಾ ಕೀಲಿ ಕೊಟ್ಟು ಚಿಂಚೋಳಿಯ ಮಗಳ ಮನೆಗೆ ಹೋದರು. ಮತ್ತೆ ಯಾವ ಸ್ಟೇರಿಂಗನ್ನೂ ಹಿಡಿಯಲಿಲ್ಲವಂತೆ.

ಹೋದ ವರ್ಷ ಅವರು ತೀರಿಕೊಂಡಾಗ ಹೋಗಿದ್ದೆ. ಮಗಳು ಕೇಳಿದಳು: "ಭೈಯಾ, ಅಬ್ಬಾ ಕೊನೀತನಕ ಚಷ್ಮಾ ಇಲ್ದ ನನ್ನ ಸೂಜಿಗಿ ದಾರ ಪೋಣಿಸಿ ಕೊಡ್ತಿದ್ರು. ಕಣ್ಣು ಕಾಣಂಗಿಲ್ಲಂತ ಯಾಕ ಬಿಡಿಸಿದ್ರಿ?"

ನಾನು ಚಪ್ಪಲಿ ಹುಡುಕುವವನಂತೆ ಕೆಳಗೆ ನೋಡಿದೆ.

ಇವತ್ತು ಅಪ್ಪ ಅಂಗಳಕ್ಕೆ ಬಂದು ಎಂದಿನ ಮಾತು ತೆಗೆದರು. "ಮಸ್ತಾನನ ಕಣ್ಣು ಛಲೋ ಇದ್ದಿದ್ರ ಇನ್ನೂ ಹತ್ತು ವರ್ಷ ಗಾಡಿ ಹೊಡೀತಿದ್ದ, ನೋಡು." ಪ್ರತಿ ಸಲ ನಾನು ಏನಾದರೊಂದು ಹಾಸ್ಯ ಮಾಡಿ ಜಾರಿಕೊಳ್ಳುತ್ತಿದ್ದೆ.

ಬೋಲ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟೆ.

"ಅಪ್ಪಾ, ಚಾಚಾನ ಕಣ್ಣಿಗಿ ಏನೂ ಆಗಿದ್ದಿಲ್ಲ."

ಅಪ್ಪ ನಗಲು ತಯಾರಾಗಿ ನನ್ನ ಮುಖ ನೋಡಿದರು. ನಾನು ಮುಂದುವರಿಸಿದೆ.