ಹಿಮ ನೋಡಲು ಉಡುಪಿಗೆ ಹೋದ ದಿನ

ಬೆಳ್ಮಣ್ಣಿನಿಂದ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದೆವು. ಎಂಬತ್ತರ ದಶಕದ ಆರಂಭದ ಒಂದು ಎಪ್ರಿಲ್ ಅದು. ಆ ಹೊತ್ತಿಗೇ ಸೀಟಿನ ರೆಕ್ಸಿನ್ ಬೆನ್ನಿಗೆ ಅಂಟುತ್ತಿತ್ತು. ನನ್ನ ಜೊತೆ ಏಳು ವರ್ಷದ ಮಗಳು ಸುಮ ಮತ್ತು ನನ್ನ ಮಾವ. ಗಂಡ ಬೊಂಬಾಯಿಯಲ್ಲಿದ್ದುದರಿಂದ ಇಂಥ ತಿರುಗಾಟಕ್ಕೆಲ್ಲ ಮಾವನೇ ಆಧಾರ. ಅವರು ಬಸ್ ಕಂಡಕ್ಟರ್ ಆಗಿ ದುಡಿದು, ಹಿಂದಿನ ವರ್ಷವಷ್ಟೇ ಕೆಲಸ ಬಿಟ್ಟಿದ್ದರು.

ಉಡುಪಿಯ ಮೈದಾನದಲ್ಲಿ ನಡೆಯುವ ವಸ್ತುಪ್ರದರ್ಶನಕ್ಕೆ ಆ ಸಲ ‘ಹಿಮಲೋಕ’ ಎಂಬ ಹೊಸ ವಿಭಾಗ ಸೇರಿತ್ತು. ಎರಡು ವಾರಗಳಿಂದ ಮೈಕಿನ ಜೀಪು ನಮ್ಮ ಪೇಟೆಯಲ್ಲಿ ಸುತ್ತಿ ಗುಲಾಬಿ ಕಾಗದಗಳನ್ನು ಎಸೆದುಹೋಗುತ್ತಿತ್ತು. ಅವುಗಳ ಮೇಲೆ ಮಂಜಿನ ಬೆಟ್ಟ, ಜಾರುವ ಗಾಡಿ, ಬಿಳಿ ಕರಡಿಯ ಚಿತ್ರ. ನಮ್ಮೂರಿನ ಮಕ್ಕಳಿಗೆ ಮೀನಿನ ಬುಟ್ಟಿಯ ಐಸು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಸುಮ ಹಟ ಹಿಡಿದು ನೆರೆಮನೆಯಿಂದ ಉಣ್ಣೆಯ ಸ್ವೆಟರ್ ಎರವಲು ತರಿಸಿಕೊಂಡಿದ್ದಳು. ಮಾವನ ಉತ್ಸಾಹವೂ ಅವಳದಕ್ಕಿಂತ ಕಡಿಮೆ ಇರಲಿಲ್ಲ. ಮೊದಲ ದಿನವೇ ನೋಡಬೇಕು, ಆಮೇಲೆ ನೋಡಿದರೆ ಕೇಳಿದ ಕತೆಯನ್ನೇ ಕೇಳಿದ ಹಾಗೆ ಎಂಬುದು ಅವರ ವಾದ.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ಕಾಪುವಿನವರೆಗೆ ನಿಂತೇ ಪಯಣ. ಕಾಪುವಿನಲ್ಲಿ ಇಳಿದವರು ಇಬ್ಬರು, ಹತ್ತಿದವರು ಇಪ್ಪತ್ತಕ್ಕೂ ಹೆಚ್ಚು. ಎಲ್ಲರ ಬಾಯಲ್ಲೂ ಹಿಮದ್ದೇ ಮಾತು. ಇಷ್ಟು ಜನರನ್ನು ಅಲ್ಲಿ ಯಾರು ಸುಧಾರಿಸುತ್ತಾರೋ ಎಂದು ಮಾವ ಒಮ್ಮೆ ಗೊಣಗಿದರು.

ಒಂಬತ್ತಕ್ಕೆ ಮೈದಾನ ತಲುಪಿದಾಗ ಅಲೆವೂರು, ಮಣಿಪಾಲ, ಕಾರ್ಕಳಗಳಿಂದ ಬಂದವರೆಲ್ಲ ಆಗಲೇ ಸೇರಿದ್ದರು. ಹಿಮಲೋಕಕ್ಕೆ ಇದ್ದದ್ದು ಒಂದೇ ಬಾಗಿಲು. ಅದರ ಮುಂದೆ ಬಿದಿರು ಕಟ್ಟಿ ಮಾಡಿದ ಎರಡು ಸಾಲು. ತಲೆಗೆ ಎರಡು ರೂಪಾಯಿಯ ಟಿಕೆಟ್ ಕೊಂಡು ನಾವು ಸಾಕಷ್ಟು ಮುಂದೆಯೇ ನಿಂತೆವು. ನಮ್ಮ ಹಿಂದೆ ಹೂಡೆ ಊರಿನ ಜುಬೈದಾ ಎಂಬಾಕೆ ಹಸುಗೂಸನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಗಂಡ ದುಬೈಯಿಂದ ಕಾಗದ ಬರೆದು, ಹೋಗಿ ನೋಡಿ ಬಾ ಎಂದಿದ್ದನಂತೆ.

ಹತ್ತಕ್ಕೆ ತೆರೆಯಬೇಕಿದ್ದ ಬಾಗಿಲು ಹನ್ನೊಂದಾದರೂ ತೆರೆಯಲಿಲ್ಲ. ಬಂದರಿನ ಐಸ್ ಪ್ಲಾಂಟಿನಿಂದ ಲಾರಿ ಬಂದಿಲ್ಲವೆಂಬ ಸುದ್ದಿ ಹಬ್ಬಿತು. ನೆರಳಿಲ್ಲ, ನೀರಿಲ್ಲ. ಸಾಲು ಎಂಬುದು ಹೆಸರಿಗೆ ಮಾತ್ರ ಉಳಿಯಿತು. ಸುಮಳ ಮುಖ ಕೆಂಪೇರಿದ್ದನ್ನು ನೋಡಿ ಸ್ವೆಟರ್ ಬಿಚ್ಚಿಸಿದೆ. ಅದು ಕೈಜಾರಿ ಬಿತ್ತು. ಬಗ್ಗಿ ತೆಗೆಯಲೂ ಜಾಗವಿರಲಿಲ್ಲ.

ಹನ್ನೆರಡರ ಹೊತ್ತಿಗೆ ಲಾರಿ ಬಂತು. ಒಳಹೋಗಲು ಅದಕ್ಕೂ ಅದೇ ಬಾಗಿಲು. ಬಾಗಿಲು ತೆರೆದ ಸದ್ದು ಕೇಳಿದ್ದೇ, ನಮ್ಮನ್ನು ಬಿಡುತ್ತಿದ್ದಾರೆಂದು ಹಿಂದಿನವರು ನುಗ್ಗಿದರು. ಪಕ್ಕದಿಂದ ಬಂದ ಲಾರಿ ಬಾಗಿಲಿನಲ್ಲೇ ಅರ್ಧ ಒಳಹೋಗಿ ನಿಂತುಬಿಟ್ಟಿತು. ಮುಂದೆ ಲಾರಿ, ಹಿಂದೆ ಜನ, ಎರಡೂ ಬದಿಗೆ ಬಿದಿರು. ನನ್ನ ಕಾಲು ನೆಲ ಬಿಟ್ಟಿತು. ಸುಮಳನ್ನು ತಲೆಯ ಮೇಲೆತ್ತಿ ಹಿಡಿದೆ. ಉಸಿರು ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಜುಬೈದಾಳ ಮಗು ಅಳುವುದನ್ನು ನಿಲ್ಲಿಸಿತ್ತು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಮಾವ ಹೇಗೆ ಲಾರಿಯ ಫುಟ್‌ಬೋರ್ಡ್ ಏರಿದರೋ ಕಾಣೆ. ನೋಡಿದಾಗ ಅಲ್ಲಿ ನಿಂತು, ತುಂಬಿದ ಬಸ್ಸಿನಲ್ಲಿ ಕೂಗುವ ದನಿಯಲ್ಲಿ ಕೂಗುತ್ತಿದ್ದರು:

“ಹಿಂದಿನವರು ಕೇಳಿ. ಪಡು ಬದಿಯಲ್ಲಿ ಇನ್ನೊಂದು ಗೇಟು ಉಂಟು. ಈಗ ತೆಗೆದಿದ್ದಾರೆ. ಅಲ್ಲಿ ಜನ ಇಲ್ಲ.”

ಮೂರು ಸಲ ಹೇಳಿದರು. ಹಿಂದಿನ ಗುಂಪು ತಿರುಗಿತು, ಓಡಿತು. ಎದೆಯ ಮೇಲಿನ ಭಾರ ಇಳಿಯಿತು. ಯಾರೋ ಬಿದಿರು ಕಟ್ಟಿದ್ದ ಹಗ್ಗ ಕೊಯ್ದರು. ನಾವು ಬದಿಗೆ ಬಿದ್ದೆವು. ಜುಬೈದಾ ಮಗುವಿನ ಮುಖಕ್ಕೆ ಗಾಳಿ ಬೀಸಿದಳು. ಅದು ಕೆಮ್ಮಿ, ಜೋರಾಗಿ ಅತ್ತಿತು.

ಪಶ್ಚಿಮದ ಆ ಬದಿಯಲ್ಲಿ ಗೇಟು ಇರಲಿಲ್ಲ. ಓಡಿಹೋದವರು ಸಿಟ್ಟಿನಲ್ಲಿ ಮರಳಿದರು. ಒಬ್ಬ ಯುವಕ ಮಾವನ ಅಂಗಿಯ ಕಾಲರಿಗೆ ಕೈಹಾಕಿ, ಕಾರ್ಕಳದಿಂದ ಹಸಿದ ಹೊಟ್ಟೆಯಲ್ಲಿ ಬಂದಿದ್ದೇವೆ, ನಮ್ಮ ಜಾಗ ಕಳೆದಿರಲ್ಲ ಎಂದು ಅಲುಗಾಡಿಸಿದ. ಮಾವ ಕೈ ಬಿಡಿಸಿಕೊಳ್ಳಲಿಲ್ಲ.

“ಸುಳ್ಳು ಹೇಳಿದ್ದು ಹೌದು,” ಎಂದರು. “ನಿಲ್ಲಿ ಅಂದರೆ ನೀವು ನಿಲ್ಲುತ್ತಿದ್ದಿರಾ?”

ಜುಬೈದಾ ಮಗುವನ್ನು ಎತ್ತಿಕೊಂಡು ಅವರಿಬ್ಬರ ನಡುವೆ ಬಂದು ನಿಂತಳು. ಯುವಕ ಮಗುವನ್ನು ನೋಡಿ ಕೈ ತೆಗೆದ. ಅಷ್ಟರಲ್ಲಿ ಪೊಲೀಸರು ಬಂದು ಆ ದಿನದ ಪ್ರದರ್ಶನ ರದ್ದೆಂದು ಸಾರಿದರು. ಲಾರಿಯಡಿಯಿಂದ ನೀರು ಹರಿದು ಧೂಳಿನಲ್ಲಿ ಇಂಗುತ್ತಿತ್ತು.

ಎರಡೂವರೆಯ ಬಸ್ಸಿನಲ್ಲಿ ಮರಳಿದೆವು. ಸುಮ ಅಜ್ಜನ ಪಕ್ಕ ಕೂರಲಿಲ್ಲ. ಅಜ್ಜ ಸುಮ್ಮನಿದ್ದರೆ ನಾವು ಒಳಗೆ ಹೋಗುತ್ತಿದ್ದೆವು ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮಾವನಿಗೆ ಕೇಳಿಸಿರಬೇಕು. ಅವರು ಕಿಟಕಿಯ ಕಡೆಗೆ ತಿರುಗಿ ಕೂತರು.

ಕಾಪುವಿನಲ್ಲಿ ನಮ್ಮ ಬಸ್ಸಿನ ಪಕ್ಕಕ್ಕೆ ಉಡುಪಿಗೆ ಹೋಗುವ ಬಸ್ಸೊಂದು ಬಂದು ನಿಂತಿತು. ಮಕ್ಕಳು ಕಿಟಕಿಗಳಲ್ಲಿ ಮುಖವಿಟ್ಟಿದ್ದರು. ಒಬ್ಬಳ ಕೈಯಲ್ಲಿ ಗುಲಾಬಿ ಕಾಗದ. ಮಾವ ಕಿಟಕಿಯಿಂದ ತಲೆ ಹೊರಹಾಕಿದರು.

“ಇವತ್ತು ಹೋಗಬೇಡಿ. ಹಿಮಲೋಕ ಬಂದ್ ಆಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.”

ಆ ಕಡೆಯ ಒಬ್ಬ ಗಂಡಸು ನಕ್ಕ. “ನೀವು ನೋಡಿ ಬಂದಿರಲ್ಲ ಮಾರಾಯ್ರೆ, ನಾವೂ ಸ್ವಲ್ಪ ನೋಡುತ್ತೇವೆ.”

ಸತ್ಯವೆಂದು ಮಾವ ಇನ್ನೊಮ್ಮೆ ಹೇಳುವಷ್ಟರಲ್ಲಿ ಆ ಬಸ್ಸು ಹೊರಟಿತು. ಸುಮ ಎದ್ದು ಅಜ್ಜನ ಬಳಿಗೆ ಹೋಗಿ, ಅವರ ತೋಳಿನಡಿ ನುಸುಳಿ, ತಾನೂ ತಲೆ ಹೊರಹಾಕಿ, ಹೋಗಬೇಡಿ ಎಂದು ಕೈಬೀಸಿ ಕೂಗತೊಡಗಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ಹಾಗೆಯೇ ನಿಂತಿದ್ದರು.